ತೋಟದ ಕೆರೆಯ ಕೊರವ ಮೀನಿಗೆ ಯಾವುದು: ರಬ್ಬರ್ ಕಪ್ಪೆಯೋ, ಮೆದು ಮೀನೋ, ಸ್ಪಿನ್ನರ್‌ಬೈಟೋ?

ಕೊಡಗಿನ ಕಾಫಿ ತೋಟದ ಕೆರೆಗಳಲ್ಲಿ ಅಮೆರಿಕದ ಬೇಟೆಮೀನಾದ ಬಾಸ್ ಇಲ್ಲ. ಆದರೂ ಬಾಸ್‌ಗೆಂದು ಹುಟ್ಟಿದ ಸಾಮಾನು ನಮ್ಮ ಕೊರವನಿಗೆ (ಇಂಗ್ಲಿಷಿನ ಸ್ನೇಕ್‌ಹೆಡ್) ಅಳತೆ ತೆಗೆದು ಹೊಲಿಸಿದ ಹಾಗಿದೆ. ಎರಡೂ ಹೊಂಚು ಹಾಕುವ ಜಾತಿ. ಎರಡಕ್ಕೂ ನೈದಿಲೆ ಎಲೆಯಡಿ, ಜೊಂಡಿನ ಸಂದು, ನೀರಿಗೆ ಬಿದ್ದ ಕೊಂಬೆಯ ನೆರಳೇ ಮನೆ. ವ್ಯತ್ಯಾಸ ಇರುವುದು ಬಾಯಲ್ಲಿ. ಬಾಸ್‌ನ ಹಲ್ಲು ಮರಳುಕಾಗದದಷ್ಟು ಒರಟು, ಅಷ್ಟೇ. ಹೆಬ್ಬೆರಳು ಹಾಕಿ ಎತ್ತಬಹುದು. ಕೊರವನ ದವಡೆ ಗಟ್ಟಿ ಎಲುಬು, ಹಲ್ಲು ಚೂಪು. ಬಾಸ್ ವಿಡಿಯೊ ನೋಡಿ ಕಲಿತ ಪಾಠ ಅರ್ಧಕ್ಕರ್ಧ ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ.

ಹೋಲಿಕೆ ನ್ಯಾಯವಾಗಿರಲಿ ಎಂದು ಕಪ್ಪೆ, ಮೆದು ಮೀನು, ಸ್ಪಿನ್ನರ್‌ಬೈಟ್ ಈ ಮೂರೂ ಲೂರನ್ನು, ಅಂದರೆ ಕೃತಕ ಆಮಿಷವನ್ನು, ಒಂದೇ ರಾಡಿನಲ್ಲಿ, ಒಂದೇ ದಾರದಲ್ಲಿ ಎಸೆದದ್ದು: ಏಳು ಅಡಿಯ ಮೀಡಿಯಂ ಹೆವಿ ರಾಡ್, 40 ಪೌಂಡ್ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ. ನೀರು ಮೂರು ಬಗೆಯದು. ನೈದಿಲೆ ಹಾಸಿದ ಹಳೇ ಕೆರೆ, ಹೂಳೆತ್ತಿದ ಬೋಳು ಕೆರೆ, ಮಳೆಗಾಲದಲ್ಲಿ ಗದ್ದೆಯ ಕೆಂಪು ನೀರು ಬಂದು ಸೇರಿದ ಕೆರೆ.

ಮೊದಲು ಕಪ್ಪೆ. ಐದೂವರೆಯಿಂದ ಆರು ಸೆಂಟಿಮೀಟರ್ ಉದ್ದ, ಹನ್ನೆರಡು ಗ್ರಾಂ ಆಸುಪಾಸಿನ ಟೊಳ್ಳು ರಬ್ಬರ್ ಕಪ್ಪೆ. ಬೆನ್ನಿಗೆ ಅಂಟಿದಂತೆ ಮೇಲ್ಮುಖವಾದ ಜೋಡಿ ಗಾಳ. ಎಲೆ ತುಂಬಿದ ಕೆರೆಯಲ್ಲಿ ಇದಕ್ಕೆ ಎದುರಿಲ್ಲ. ಉಳಿದ ಎರಡೂ ಸೊಪ್ಪು ಹೊತ್ತು ಬರುವಲ್ಲಿ ಇದು ಎಲೆಯಿಂದ ಎಲೆಗೆ ಜಾರಿಕೊಂಡು ಬರುತ್ತದೆ. ಹೊಡೆತವೂ ಇದಕ್ಕೇ ಹೆಚ್ಚು. ಹೊಡೆದು ತಪ್ಪಿಸಿಕೊಳ್ಳುವ ಮೀನೂ ಇದಕ್ಕೇ ಹೆಚ್ಚು.

ತಪ್ಪುವುದೇಕೆ? ಪೆಟ್ಟಿಗೆಯಿಂದ ತೆಗೆದ ಹೊಸ ಕಪ್ಪೆ ಗಟ್ಟಿಯಾಗಿರುತ್ತದೆ. ಮೀನು ಕಚ್ಚಿದಾಗ ಹೊಟ್ಟೆ ಒಳಕ್ಕೆ ಕುಸಿದು ಗಾಳದ ಮೊನೆ ಹೊರಬರಬೇಕು. ಗಟ್ಟಿ ರಬ್ಬರ್ ಕುಸಿಯುವುದಿಲ್ಲ. ಐದು ನಿಮಿಷ ಬಿಸಿನೀರಿನಲ್ಲಿಟ್ಟು ಕೈಯಲ್ಲಿ ಹಿಸುಕಿ ಮೆದು ಮಾಡಿ. ಕುದಿಯುವ ನೀರು ಬೇಡ, ಆಕಾರ ಕೆಡುತ್ತದೆ. ಆಮೇಲೆ ಇಕ್ಕಳದಿಂದ ಎರಡೂ ಮೊನೆಗಳನ್ನು ಕೂದಲೆಳೆಯಷ್ಟು ಮೇಲಕ್ಕೂ ಹೊರಕ್ಕೂ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಜೊಂಡು ಸಿಕ್ಕಿಹಾಕಿಕೊಳ್ಳುತ್ತದೆ, ಕಪ್ಪೆ ಕೊಂಡದ್ದೇ ದಂಡ. ಕಾಲಿನ ರಬ್ಬರ್ ಎಳೆಗಳು ಉದ್ದವಿದ್ದರೆ ಸಣ್ಣ ಮೀನು ಅದನ್ನೇ ಎಳೆದು ಬಿಡುತ್ತದೆ, ಆದ್ದರಿಂದ ಮೂರನೇ ಒಂದು ಭಾಗ ಕತ್ತರಿಸಿ. ಒಂದು ಕಾಲನ್ನು ಇನ್ನೊಂದಕ್ಕಿಂತ ಅರ್ಧ ಸೆಂಟಿಮೀಟರ್ ಗಿಡ್ಡ ಮಾಡಿದರೆ ಕಪ್ಪೆ ಎಡಬಲ ತಿರುಗುವುದು ಸುಲಭ.

ಇನ್ನೊಂದು ತಪ್ಪು ಕೈಯದ್ದು. ನೀರು ಸಿಡಿದ ಸದ್ದಿಗೆ ಬೆಚ್ಚಿ ರಾಡ್ ಎತ್ತಿಬಿಡುತ್ತೇವೆ. ಆ ಹೊತ್ತಿಗೆ ಕಪ್ಪೆ ಇನ್ನೂ ತುಟಿಯಲ್ಲಿರುತ್ತದೆ. ಸದ್ದಿಗೆ ಎಳೆಯಬೇಡಿ, ಭಾರಕ್ಕೆ ಎಳೆಯಿರಿ. ರಾಡಿನ ತುದಿಯನ್ನು ಮೀನಿನ ಕಡೆ ಇಳಿಸಿ, ಸಡಿಲ ದಾರ ಸುತ್ತಿಕೊಂಡು, ದಾರ ಬಿಗಿದು ತೂಕ ಗೊತ್ತಾದ ಮೇಲೆ ಒಂದೇ ಸಲ ಜೋರಾಗಿ. ಎಲುಬಿನ ದವಡೆಗೆ ಅರೆಮನಸ್ಸಿನ ಎಳೆತ ನಾಟುವುದಿಲ್ಲ. ಕಚ್ಚಿದ ಮೇಲೆ ತಲೆಯನ್ನು ನೀರಿನ ಮೇಲೇ ಇಟ್ಟು ಎಳೆಯಿರಿ. ಒಮ್ಮೆ ನೈದಿಲೆ ದಂಟಿಗೆ ಸುತ್ತಿತೆಂದರೆ ಮೀನೂ ಹೋಯಿತು, ಕಪ್ಪೆಯೂ ಹೋಯಿತು. ಗಾಳ ಸಂದಿರುವ ತೂತಿನಿಂದ ಕಪ್ಪೆ ನೀರು ಕುಡಿಯುವುದು ಮಾಮೂಲು. ನಾಲ್ಕೈದು ಎಸೆತಕ್ಕೊಮ್ಮೆ ಹಿಂಡದಿದ್ದರೆ ಹಿಂಭಾಗ ಮುಳುಗಿ ನಡಿಗೆ ಕೆಡುತ್ತದೆ.

ಮೆದು ರಬ್ಬರ್ ಮೀನಿನ ಗುಣ ತಿರುವುಮುರುವು. ನಾಲ್ಕು ಇಂಚಿನ ಪ್ಯಾಡಲ್ ಬಾಲದ್ದು, 4/0 ಅಥವಾ 5/0 ಅಳತೆಯ, ಕಣ್ಣಿನ ಬಳಿ ಬಾಗಿದ ಆಫ್‌ಸೆಟ್ ಗಾಳ, ಗಾಳದ ಹೊಟ್ಟೆಗೆ ಮೂರರಿಂದ ಐದು ಗ್ರಾಂ ಸೀಸ. ಹೊಡೆತ ಕಪ್ಪೆಗಿಂತ ಕಡಿಮೆ. ಹೊಡೆದದ್ದರಲ್ಲಿ ದಡ ಮುಟ್ಟುವುದು ಹೆಚ್ಚು. ಮೀನು ಕಚ್ಚುವುದು ನೀರಿನೊಳಗೆ, ಬಾಯಿ ತುಂಬ. ಒಂಟಿ ಗಾಳಕ್ಕೆ ಅಡ್ಡ ಬರುವುದು ತೆಳು ರಬ್ಬರ್ ಮಾತ್ರ. ಬೋಳು ಕೆರೆಯಲ್ಲಿ, ಎಲೆಗಳ ನಡುವಿನ ಕಿಂಡಿಯಲ್ಲಿ, ತೂಬಿನ ಹತ್ತಿರದ ಆಳದಲ್ಲಿ ನಮ್ಮ ಮತ ಇದಕ್ಕೇ.

ಪೋಣಿಸುವುದರಲ್ಲೇ ಎಲ್ಲ ಇದೆ. ಮೂತಿಯ ನಡುಮಧ್ಯೆ ಮೊನೆ ಚುಚ್ಚಿ ಅರ್ಧ ಸೆಂಟಿಮೀಟರ್ ಒಳಹೋದ ಮೇಲೆ ಕೆಳಗೆ ತೆಗೆಯಿರಿ. ಗಾಳವನ್ನು ಪೂರ್ತಿ ಎಳೆದು ತಿರುಗಿಸಿ, ಹೊಟ್ಟೆಯಿಂದ ಬೆನ್ನಿಗೆ ಹಾಯಿಸಿ, ಮೊನೆಯನ್ನು ಬೆನ್ನಿನ ಚರ್ಮದಲ್ಲಿ ಅಕ್ಕಿಕಾಳಿನಷ್ಟು ಅಡಗಿಸಿ. ಮೈ ಡೊಂಕಾಗಿ ಕೂತರೆ ನೀರಿನಲ್ಲಿ ಗಿರಗಿರನೆ ಸುತ್ತಿ ದಾರಕ್ಕೆ ಮುರಿ ಹಾಕುತ್ತದೆ. ಬಿಚ್ಚಿ ಮತ್ತೆ ಪೋಣಿಸುವುದೊಂದೇ ದಾರಿ. ಇದರ ದೊಡ್ಡ ಕೊರತೆ ಬಾಳಿಕೆ. ಒಂದು ಕೊರವ ಕಚ್ಚಿದರೆ ಮೂತಿ ಹರಿದು ರಬ್ಬರ್ ಕೆಳಕ್ಕೆ ಜಾರುತ್ತದೆ. ಮೂತಿಯೊಳಗೆ ತಿರುಗಿಸಿ ಕೂರಿಸುವ ಸ್ಪ್ರಿಂಗ್ ಇರುವ ಗಾಳ ಕೊಂಡರೆ ಒಂದಕ್ಕೆ ಮೂರು ಮೀನು ತಡೆಯುತ್ತದೆ. ಮೆದು ಮೀನನ್ನು ಕಪ್ಪೆಯ ಡಬ್ಬಿಯಲ್ಲಿ ಸೇರಿಸಿ ಇಡಬೇಡಿ. ಬೇರೆಬೇರೆ ರಬ್ಬರ್ ಒಂದಕ್ಕೊಂದು ತಾಗಿ ಕರಗಿ ಅಂಟುತ್ತವೆ.

ಬಾಗಿದ ತಂತಿಯ ಮೇಲಿನ ತೋಳಿಗೆ ತಿರುಗುವ ತಗಡು, ಕೆಳಗಿನದಕ್ಕೆ ಗಾಳ ಇರುವ ಸ್ಪಿನ್ನರ್‌ಬೈಟ್ ಒಂದೇ ಕೆಲಸಕ್ಕೆ: ಕಲಕು ನೀರು. ಕಣ್ಣಿಗೆ ಕಾಣದ್ದನ್ನು ಮೀನು ಮೈಯಿಂದ ತಿಳಿಯಬೇಕು. ದುಂಡು ಕೊಲೊರಾಡೊ ತಗಡು ನೀರನ್ನು ಹೆಚ್ಚು ಬಡಿಯುತ್ತದೆ, ಉದ್ದನೆಯ ವಿಲೋ ತಗಡು ತಿಳಿನೀರಿಗೆ. ಹತ್ತು ಗ್ರಾಂ ಸಾಕು, ತಗಡು ತಿರುಗುವುದು ರಾಡಿನ ಹಿಡಿಗೆ ತಿಳಿಯುವಷ್ಟು ನಿಧಾನ ಸುತ್ತಿ. ಮೀನು ಹಿಡಿದಾಗಲೆಲ್ಲ ತಂತಿ ಸೊಟ್ಟಗಾಗುತ್ತದೆ. ಮೇಲಿನ ತೋಳು ಗಾಳದ ನೇರಕ್ಕೆ ಬರುವಂತೆ ಬಗ್ಗಿಸದಿದ್ದರೆ ಮಗ್ಗುಲು ಮಲಗಿ ಓಡುತ್ತದೆ. ನೇರ ತಂತಿಗೆ ತ್ರಿಶೂಲದಂಥ ಮೂರು ಮೊನೆಯ ಗಾಳ ಸಿಕ್ಕಿಸಿದ ಸ್ಪಿನ್ನರನ್ನು ನೈದಿಲೆ ಕೆರೆಗೆ ಒಯ್ಯುವುದೆಂದರೆ ಸೊಪ್ಪು ಕೀಳಲು ಹೋದಂತೆ.

ಎರೆಹುಳುವಿನವರು ಕೇಳಬಹುದು, ಇಷ್ಟೆಲ್ಲ ಯಾಕೆ ಎಂದು. ಹುಳುವಿಗೆ ಕೊರವ ಬರುತ್ತದೆ, ಸುಳ್ಳಲ್ಲ. ಆದರೆ ಅದಕ್ಕೆ ಮೊದಲು ಏಡಿಯೂ ಪುಡಿ ಮೀನೂ ಗಾಳ ಬೋಳಿಸುತ್ತವೆ. ಕಚ್ಚಿದ ಕೊರವ ಗಂಟಲಿನವರೆಗೆ ನುಂಗಿರುತ್ತದೆ, ಬಿಟ್ಟರೂ ಬದುಕುವುದು ಕಷ್ಟ.

ಲೂರಿಗಿಂತ ದಾರದ ಆಯ್ಕೆಯೇ ಹೆಚ್ಚು ಮೀನು ಕಳೆಯುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ನೈಲಾನ್ ದಾರ ಎಳೆದರೆ ಹಿಗ್ಗುತ್ತದೆ. ಇಪ್ಪತ್ತು ಮೀಟರ್ ದೂರದಲ್ಲಿ ನೀವು ಕೊಟ್ಟ ಎಳೆತದ ಬಹುಪಾಲು ಹಿಗ್ಗುವುದರಲ್ಲೇ ಮುಗಿದು ಗಾಳ ನಾಟುವುದಿಲ್ಲ. ಬ್ರೇಡ್ ಹಿಗ್ಗದು, ಮೆದು ದಂಟನ್ನು ಕತ್ತರಿಸಿಕೊಂಡೂ ಬರುತ್ತದೆ. ಬ್ರೇಡಿನ ದಪ್ಪದ ಅಳತೆಯಾದ ಪಿಇ 3 ಅಥವಾ 4 ಸಾಕು. ಪಾಲೊಮಾರ್ ಗಂಟು, ಬಿಗಿಯುವ ಮುನ್ನ ಎಂಜಲು ಹಚ್ಚಿ ಒದ್ದೆ ಮಾಡಿ. ಎಲೆಯ ಮೇಲಿನ ಕಪ್ಪೆಗೆ ಬ್ರೇಡನ್ನು ನೇರವಾಗಿಯೇ ಕಟ್ಟಬಹುದು. ಬೋಳು ಕೆರೆಯ ಮೆದು ಮೀನಿಗೆ 40 ಪೌಂಡಿನ ದಪ್ಪ ನೈಲಾನ್ ಅಥವಾ ಫ್ಲೋರೋಕಾರ್ಬನ್ ಲೀಡರ್ (ಬ್ರೇಡಿನ ತುದಿಗೆ ಕಟ್ಟುವ ದಾರದ ತುಂಡು) ಎರಡಡಿ ಇರಲಿ, ಹಲ್ಲಿನ ಉಜ್ಜಿಗೂ ತಡೆಯುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಒಂದಡಿಯನ್ನು ಉಗುರಿನಲ್ಲಿ ಸವರಿ ನೋಡಿ. ಜುಂಗು ಎದ್ದಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಸ್ಪೂಲ್ ಮೇಲೆ ಮೊದಲು ಹತ್ತು ಸುತ್ತು ನೈಲಾನ್ ಹಾಕಿ, ಇಲ್ಲವಾದರೆ ಬ್ರೇಡ್ ಇಡಿಯಾಗಿ ಸ್ಪೂಲಿನ ಮೇಲೇ ಜಾರಿ ತಿರುಗುತ್ತದೆ. ಅದನ್ನು ರೀಲಿನ ತಡೆ, ಅಂದರೆ ಡ್ರ್ಯಾಗ್ ಕೆಟ್ಟಿತೆಂದು ತಿಳಿದು ರೀಲ್ ಬಿಚ್ಚಿ ಕೂರುವವರಿದ್ದಾರೆ.

ಸ್ಪೂಲ್ ತಾನೇ ತಿರುಗಿ ದಾರ ಬಿಡುವ ಬೈಟ್‌ಕಾಸ್ಟರೋ, ಸ್ಪೂಲ್ ನಿಂತಲ್ಲೇ ಇದ್ದು ದಾರ ಬಿಡುವ ಸ್ಪಿನ್ನಿಂಗ್ ರೀಲೋ ಎಂಬುದನ್ನು ತೋಟವೇ ತೀರ್ಮಾನಿಸುತ್ತದೆ. ಕೆರೆ ಏರಿಯ ಹಿಂದೆ ಕಾಫಿ ಗಿಡ, ನೆತ್ತಿಯ ಮೇಲೆ ಸಿಲ್ವರ್ ಓಕಿನ ಕೊಂಬೆ. ತಲೆಯ ಮೇಲಿಂದ ಎಸೆಯಲು ಜಾಗವಿಲ್ಲ. ಸೊಂಟದ ಮಟ್ಟದಿಂದ ತೂಗಿ ಬಿಡುವ ಎಸೆತಕ್ಕೆ ಬೈಟ್‌ಕಾಸ್ಟರ್ ಮೇಲು; ಹೆಬ್ಬೆರಳಿನಲ್ಲಿ ತಡೆದು ಕಪ್ಪೆಯನ್ನು ಬೇಕಾದ ಎಲೆಯ ಮೇಲೇ ಇಳಿಸಬಹುದು. ಹೊಸಬರಿಗೆ, ಹತ್ತು ಗ್ರಾಂಗಿಂತ ಹಗುರ ಲೂರಿಗೆ, ಬಾಗಿದ ಕೊಂಬೆಯಡಿ ನೀರಿನ ಮೇಲೆ ಕಲ್ಲು ಕುಪ್ಪಳಿಸಿದಂತೆ ತೂರುವುದಕ್ಕೆ 3000 ಅಳತೆಯ ಸ್ಪಿನ್ನಿಂಗ್ ರೀಲೇ ಸರಿ. ಬೈಟ್‌ಕಾಸ್ಟರಿನಲ್ಲಿ ದಾರ ಗೂಡು ಕಟ್ಟಿತೆಂದರೆ ಜಿಗಣೆಗಳ ನಡುವೆ ನಿಂತು ಬಿಡಿಸಬೇಕು, ಅದೂ ಲೆಕ್ಕಕ್ಕಿರಲಿ.

ಕಾಲದ ಲೆಕ್ಕವೂ ಆಯ್ಕೆಯನ್ನು ತಿರುಗಿಸುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗಾಗಿ ಸ್ಪ್ರಿಂಕ್ಲರ್ ಹಚ್ಚಿದಾಗ ಕೆರೆ ಇಳಿದು ಮೀನು ಉಳಿದ ಗುಂಡಿಗೆ ಸೇರುತ್ತದೆ. ಅಂಚಿನ ಎಲೆ ಒಣಗಿರುತ್ತದೆ, ಆಗ ಮೆದು ಮೀನು. ಕೊರವ ಗಾಳಿ ನುಂಗಲು ಮೇಲೆ ಬಂದ ಗುಳ್ಳೆ ಕಂಡರೆ ಅದರ ನೆತ್ತಿಗೆ ಹಾಕಬೇಡಿ, ಎರಡು ಮೀಟರ್ ಆಚೆ ಹಾಕಿ ಅದರ ದಾರಿಗೆ ಅಡ್ಡ ತನ್ನಿ. ಮಳೆ ಹಿಡಿದು ನೀರು ಕೆಂಪಾದರೆ ಸ್ಪಿನ್ನರ್‌ಬೈಟ್. ನೀರಿನ ಮೇಲೆ ಕೆಂಪಗೆ ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಡಿಯಲ್ಲಿ ತಾಯಿ ತಂದೆ ಕಾವಲಿರುತ್ತವೆ. ಏನು ಹಾಕಿದರೂ ಹೊಡೆಯುತ್ತವೆ. ಆ ಮೀನನ್ನು ಹಿಡಿಯುವುದು ಜಾಣತನವಲ್ಲ, ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ. ಮಳೆ ನಿಂತು ಎಲೆ ಹಬ್ಬಿದ ಅಕ್ಟೋಬರ್, ನವೆಂಬರ್ ಕಪ್ಪೆಯದು.

ಹತ್ತಾರು ಕಿಲೋದ ಮೀನಿನ ಆಸೆಗೆ ಇದೇ ಸೆಟ್ಟನ್ನು ಕಾವೇರಿಗೆ ಒಯ್ಯುವವರಿಗೆ ಒಂದು ಮಾತು. ಅಲ್ಲಿನ ಬಿಳಿಮೀನು, ಅಂದರೆ ಮಹಶೀರ್, ಕಚ್ಚಿದೊಡನೆ ಹರಿವಿಗೆ ತಿರುಗಿ ಬಂಡೆ ಹಾಯ್ದು ಓಡುತ್ತದೆ. ಸಣ್ಣ ಬೈಟ್‌ಕಾಸ್ಟರಿನ ನೂರು ಮೀಟರ್ ದಾರ ಸಾಲದು, ಬಂಡೆಗೆ ಉಜ್ಜಿದ ಬ್ರೇಡ್ ನೂಲಿನಂತೆ ಕಡಿಯುತ್ತದೆ, ಕಪ್ಪೆಯ ಗಾಳ ತೆರೆದುಕೊಳ್ಳುತ್ತದೆ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಜಾಗತಿಕ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜಾತಿ. ದಾರ ಕಡಿದುಕೊಂಡು ಬಾಯಲ್ಲಿ ಜೋಡಿ ಗಾಳ ಹೊತ್ತು ಹೋಗುವ ಒಂದೊಂದು ಮೀನೂ ಅಲ್ಲಿ ದೊಡ್ಡ ನಷ್ಟ. ಆ ನದಿಗೆ ಬೇರೆಯೇ ರಾಡ್, ಬೇರೆಯೇ ರೀಲ್, ಮೊದಲು ಪರವಾನಗಿ ವಿಚಾರಣೆ.