ಬ್ಯೂಟಿಷಿಯನ್ ಕೋರ್ಸಿಗೆ ಹಣ ಕಟ್ಟುವ ಮುನ್ನ

ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಮುಗಿಸಿ ಕಾಸ್ಮೆಟಾಲಜಿ ಕಲಿಯಬೇಕೆಂದಿರುವವರೂ ಅವರ ಹೆತ್ತವರೂ ಯಾವುದೇ ಕಾಗದಕ್ಕೆ ಸಹಿ ಹಾಕುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ನನ್ನ ತಂಗಿ ಬೆಂಗಳೂರಿನ ಖಾಸಗಿ ಅಕಾಡೆಮಿಯೊಂದರಲ್ಲಿ ಡಿಪ್ಲೊಮಾಕ್ಕೆ ಸೇರಿದ್ದಳು. ತಮ್ಮದು ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆ ಎಂದು ಅಲ್ಲಿನ ಕೌನ್ಸೆಲರ್ ಗೋಡೆಯ ಮೇಲಿದ್ದ ಎರಡು ಪತ್ರಗಳನ್ನು ತೋರಿಸಿದ್ದರು. ಅವುಗಳಲ್ಲಿ ಒಂದು ಉದ್ಯಮ್ ನೋಂದಣಿ, ಇನ್ನೊಂದು ಸಂಸ್ಥೆಯ ಕಾರ್ಯನಿರ್ವಹಣೆಯ ಗುಣಮಟ್ಟಕ್ಕೆ ಕೊಡುವ ಐಎಸ್‌ಒ ಪತ್ರ. ಉದ್ಯಮ್ ನೋಂದಣಿಯನ್ನು ಯಾವ ಸಣ್ಣ ಉದ್ದಿಮೆದಾರರೂ ಆನ್‌ಲೈನಿನಲ್ಲಿ ಉಚಿತವಾಗಿ ಮಾಡಿಸಿಕೊಳ್ಳಬಹುದು. ಹಿಟ್ಟಿನ ಗಿರಣಿಗೂ ಅದು ಸಿಗುತ್ತದೆ. ಅಲ್ಲಿ ಕಲಿಸುವ ಪಠ್ಯಕ್ಕಾಗಲಿ, ಕೊಡುವ ಡಿಪ್ಲೊಮಾಕ್ಕಾಗಲಿ ಈ ಎರಡೂ ಪತ್ರಗಳಿಂದ ಯಾವ ಮಾನ್ಯತೆಯೂ ಬರುವುದಿಲ್ಲ.

ಇದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟದ್ದು ಶುಲ್ಕದ ವ್ಯವಸ್ಥೆ. ‘ಬಡ್ಡಿಯಿಲ್ಲದ ಕಂತು’ ಎಂದು ಹೇಳಿ ತಂದೆಯವರ ಮೊಬೈಲಿಗೆ ಬಂದ ಒಟಿಪಿಯನ್ನು ಪಡೆದುಕೊಂಡರು. ವಾಸ್ತವದಲ್ಲಿ ಅದು ಒಂದು ಹಣಕಾಸು ಕಂಪನಿಯಿಂದ ತಂದೆಯವರ ಹೆಸರಿನಲ್ಲಿ ಮಂಜೂರಾದ ಸಾಲವಾಗಿತ್ತು, ಮತ್ತು ಪೂರ್ತಿ ಮೊತ್ತ ಮೊದಲೇ ಅಕಾಡೆಮಿಯ ಖಾತೆಗೆ ಹೋಗಿತ್ತು. ಕೆಲವು ತಿಂಗಳಲ್ಲಿ ಕೇಶವಿನ್ಯಾಸದ ತರಬೇತುದಾರರು ಕೆಲಸ ಬಿಟ್ಟರು, ಬ್ಯಾಚುಗಳನ್ನು ಒಟ್ಟುಗೂಡಿಸಿದರು, ಮಾಡೆಲ್‌ಗಳ ಮೇಲೆ ನಡೆಯಬೇಕಿದ್ದ ಅಭ್ಯಾಸ ಡಮ್ಮಿ ತಲೆಗಳಿಗೇ ಸೀಮಿತವಾಯಿತು. ಕೋರ್ಸ್ ಬಿಡುತ್ತೇವೆ ಎಂದಾಗ ಅಕಾಡೆಮಿಯವರು ಕಂಪನಿಯನ್ನು ಕೇಳಿ ಎಂದರು; ಕಂಪನಿಯವರು ಹಣ ಆಗಲೇ ಪಾವತಿಯಾಗಿದೆ, ಕಂತು ನಿಲ್ಲದು ಎಂದರು. ಸಾಲ ಕೊಡುವವರು ವಾರ್ಷಿಕ ಬಡ್ಡಿದರ ಮತ್ತು ಎಲ್ಲ ಶುಲ್ಕಗಳನ್ನು ತಿಳಿಸುವ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟನ್ನು ಮೊದಲೇ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಹಾಳೆಯನ್ನು ಕೇಳಿ ಪಡೆದು, ಓದಿದ ನಂತರವೇ ಒಟಿಪಿ ಹೇಳಿರಿ.

ಹೆಚ್ಚುವರಿ ಹಣಕ್ಕೆ ‘ಕ್ಲಿನಿಕಲ್ ಕಾಸ್ಮೆಟಾಲಜಿ’ ಎಂಬ ಹೆಸರಿನಲ್ಲಿ ಬೊಟಾಕ್ಸ್, ಫಿಲ್ಲರ್ (ಮುಖದ ಸುಕ್ಕು, ಕುಳಿ ಮರೆಸಲು ಕೊಡುವ ಚುಚ್ಚುಮದ್ದುಗಳು), ಕೂದಲು ಕಸಿ ಕಲಿಸುವುದಾಗಿಯೂ ಆಮಿಷ ಒಡ್ಡಿದ್ದರು. ಇವು ವೈದ್ಯರು ಮಾಡಬೇಕಾದ ಕೆಲಸಗಳು. ಕೂದಲು ಕಸಿಯ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಇಂಥ ಡಿಪ್ಲೊಮಾ ನೆಚ್ಚಿಕೊಂಡು ಯಾರದಾದರೂ ಮುಖಕ್ಕೆ ಸೂಜಿ ಚುಚ್ಚಿದರೆ ಸಿಕ್ಕಿಬೀಳುವವರು ವಿದ್ಯಾರ್ಥಿಗಳೇ ಹೊರತು ಅಕಾಡೆಮಿಯಲ್ಲ.

ಹತ್ತನೆಯ ತರಗತಿ ಮುಗಿಸಿದವರಿಗೆ ಐಟಿಐಗಳಲ್ಲಿ 1 ವರ್ಷದ ಕಾಸ್ಮೆಟಾಲಜಿ ಟ್ರೇಡ್ ಇದೆ. ಅದನ್ನು ಮುಗಿಸಿದರೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ಸಿಗುತ್ತದೆ. ಸಲೂನ್, ಸ್ಪಾ, ಸ್ವಂತ ಪಾರ್ಲರ್‌ಗಳಲ್ಲಿ ಕೈಚಳಕವೇ ಮುಖ್ಯವಾದರೂ, ಮುಂದೆ ಐಟಿಐ ಬೋಧಕಿಯಾಗುವ ತರಬೇತಿಗೆ ಹೋಗಬೇಕೆಂದರೆ ಈ ಪ್ರಮಾಣಪತ್ರ ನೆರವಿಗೆ ಬರುತ್ತದೆ, ಅಕಾಡೆಮಿಯ ಹೊಳೆಯುವ ಡಿಪ್ಲೊಮಾ ಅಲ್ಲ. ಮದುಮಗಳ ಮೇಕಪ್ಪಿನಲ್ಲಿ ಒಳ್ಳೆಯ ಸಂಪಾದನೆ ಇರುವುದು ನಿಜ, ಆದರೆ ಆಷಾಢದಲ್ಲಿ ಏನು ಮಾಡುತ್ತೀರಿ ಎಂಬುದನ್ನು ಯಾವ ಕೌನ್ಸೆಲರೂ ಹೇಳುವುದಿಲ್ಲ.

ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ತಪ್ಪಿದ ಕಂತು ಸಾಲ ತೀರಿಸಿದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ದಾಖಲಾಗುವುದರಿಂದ, ದೂರು ಇತ್ಯರ್ಥವಾಗುವವರೆಗೂ ತಂದೆಯವರು ಕಂತು ಕಟ್ಟುತ್ತಲೇ ಇದ್ದಾರೆ.