ಐಎಂಒ ಉಲ್ಕಾಪಾತ ಕ್ಯಾಲೆಂಡರ್: ಭೂಮಿಗೆ ಭರ್ಜರಿ, ಚಂದ್ರನಿಗೆ ಅರ್ಧ

ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್, ಅಂದರೆ ಐಎಂಒ, ಪ್ರತಿ ವರ್ಷ ಉಲ್ಕಾಪಾತಗಳ ಕ್ಯಾಲೆಂಡರ್ ಒಂದನ್ನು ಹೊರತರುತ್ತದೆ. ಪಿಡಿಎಫ್, ಪೂರ್ತಿ ಉಚಿತ. ಆಕಾಶ ನೋಡುವ ಹುಚ್ಚಿರುವವರಿಗೆ ಇದು ಹೊಸದೇನಲ್ಲ. ನಾನು ಇದರ ಬಗ್ಗೆ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಚಂದ್ರನ ಮೇಲೆ ಉಲ್ಕೆ ಬಡಿದಾಗ ಕತ್ತಲಿನ ಭಾಗದಲ್ಲಿ ಒಂದು ಕ್ಷಣ ಮಿಂಚು ಹೊಳೆಯುತ್ತದೆ. ಅದನ್ನು ಟೆಲಿಸ್ಕೋಪಿನಲ್ಲಿ ಹಿಡಿಯಬೇಕು ಅನ್ನುವವರಿಗೆ ಈ ಕ್ಯಾಲೆಂಡರ್ ಎಷ್ಟು ಉಪಯೋಗ?

ಅರ್ಧ ಉಪಯೋಗ. ಆದರೆ ಆ ಅರ್ಧ ತುಂಬಾ ಚೆನ್ನಾಗಿದೆ.

ಒಳಗೆ ಏನಿದೆ ಅಂದರೆ, ಪ್ರತಿ ಉಲ್ಕಾಪಾತ ಯಾವಾಗ ಶುರು, ಯಾವಾಗ ಕೊನೆ, ಯಾವ ಹೊತ್ತಿಗೆ ಜೋರು, ಕಣಗಳ ವೇಗ ಎಷ್ಟು, ಗಂಟೆಗೆ ಎಷ್ಟು ಉಲ್ಕೆ, ಎಲ್ಲಾ ಕೋಷ್ಟಕದಲ್ಲಿ ಸಿಗುತ್ತದೆ. ಗಂಟೆಯ ಲೆಕ್ಕವನ್ನು ನೋಡಿ ಹಿಗ್ಗಬೇಡಿ. ಅದು ತುಂಬಾ ಕತ್ತಲಿನ ಆಕಾಶ, ಉಲ್ಕೆಗಳು ಹೊರಟಂತೆ ಕಾಣುವ ಜಾಗ ನೆತ್ತಿಯ ಮೇಲೆ, ಅಂತ ಇಟ್ಟುಕೊಂಡು ಹಾಕಿದ್ದು. ಬೆಂಗಳೂರಿನ ತಾರಸಿಯಲ್ಲಿ ಕೂತು 150 ಎಣಿಸುತ್ತೇನೆ ಅಂದರೆ ಆಗಲ್ಲ. ಸಮಯವೆಲ್ಲ ಯುಟಿಯಲ್ಲಿ, ಅಂದರೆ ಯೂನಿವರ್ಸಲ್ ಟೈಮಿನಲ್ಲಿ ಇರುತ್ತದೆ, ನಮಗೆ ಬೇಕಾದರೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು.

ನನಗೆ ಜಾಸ್ತಿ ಇಷ್ಟವಾಗುವುದು ಧೂಮಕೇತುಗಳ ದೂಳಿನ ಪಟ್ಟಿಗಳ ಮುನ್ಸೂಚನೆ. ಧೂಮಕೇತು ಸೂರ್ಯನ ಹತ್ತಿರ ಬಂದಾಗಲೆಲ್ಲ ಒಂದಷ್ಟು ದೂಳು ಉದುರಿಸುತ್ತದೆ, ಮರಳಿನ ಲಾರಿ ಹೋದ ದಾರಿಯುದ್ದಕ್ಕೂ ಮರಳು ಸೋರಿದ ಹಾಗೆ. ಭೂಮಿ ಆ ದೂಳಿಗೆ ನುಗ್ಗಿದಾಗ ನಮಗೆ ಉಲ್ಕಾಪಾತ. ಒಂದೊಂದು ಸಲ ಬಂದಾಗಲೂ ಬೇರೆ ಬೇರೆ ಪಟ್ಟಿ. ಆಮೇಲೆ ಗುರುಗ್ರಹ ಅದನ್ನು ಎಳೆದು ಅತ್ತಿತ್ತ ಸರಿಸುತ್ತದೆ, ಬಿಸಿಲಿನ ಒತ್ತಡವೂ ಸಣ್ಣ ಕಣಗಳನ್ನು ತಳ್ಳುತ್ತದೆ. ಇಷ್ಟನ್ನೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಯಾವ ವರ್ಷದ ಪಟ್ಟಿ ಭೂಮಿಗೆ ಯಾವಾಗ ಅಡ್ಡ ಬರುತ್ತದೆ ಅಂತ ಹೇಳುವವರಿದ್ದಾರೆ. ವೊಬೈಯೋನ್, ಸಾಟೊ, ಮಾಸ್ಲೊವ್ ಇವರ ಲೆಕ್ಕಗಳು ಕ್ಯಾಲೆಂಡರಿನಲ್ಲಿ ಮತ್ತೆ ಮತ್ತೆ ಬರುತ್ತವೆ.

ಈ ಲೆಕ್ಕ ಎಷ್ಟು ಕರಾರುವಾಕ್ಕು ಅನ್ನುವುದಕ್ಕೆ 1999ರ ಲಿಯೊನಿಡ್ಸ್ ಉಲ್ಕಾಪಾತ ಸಾಕು. 55ಪಿ ಟೆಂಪಲ್-ಟಟಲ್ ಧೂಮಕೇತು 1899ರಲ್ಲಿ ಉದುರಿಸಿದ ದೂಳು ನವೆಂಬರ್ 18ರಂದು ಯುಟಿ 2:08ಕ್ಕೆ ಸಿಗುತ್ತದೆ ಅಂತ ಡೇವಿಡ್ ಆಶರ್ ಮತ್ತು ರಾಬರ್ಟ್ ಮೆಕ್‌ನಾಟ್ ಹೇಳಿದ್ದರು. ಬಂದಿದ್ದು 2:02ಕ್ಕೆ. ನೂರು ವರ್ಷದ ಹಳೇ ದೂಳಿಗೆ ಆರು ನಿಮಿಷದ ವ್ಯತ್ಯಾಸ! ನಮ್ಮಲ್ಲಿ ಆಗ ಬೆಳಗ್ಗೆ ಏಳೂವರೆ, ಬಿಸಿಲು ಬಂದಾಗಿತ್ತು, ಆ ಮಾತು ಬೇರೆ.

ಈಗ ಚಂದ್ರನ ಕಡೆ ಬರೋಣ. ಕ್ಯಾಲೆಂಡರಿಗೆ ಚಂದ್ರ ಅಂದರೆ ಬರೀ ಕಾಟ. "ಈ ಸಲ ಬೆಳದಿಂಗಳು, ಉಲ್ಕೆ ಕಾಣುವುದು ಕಷ್ಟ" ಅನ್ನುವ ಧಾಟಿಯಲ್ಲೇ ಅವನ ಪ್ರಸ್ತಾಪ. ಚಂದ್ರನ ಮೇಲೆ ಎಷ್ಟು ಹೊತ್ತಿಗೆ ಬೀಳುತ್ತದೆ ಅನ್ನುವ ಕಾಲಂ ಇಲ್ಲ. ಅದನ್ನು ಬರೆದಿರುವುದು ಭೂಮಿಯ ಮೇಲೆ ನಿಂತು ನೋಡುವವರಿಗೆ, ಹಾಗಾಗಿ ದೂರುವಂತಿಲ್ಲ. ಆದರೆ ಅದೇ ಸಮಯ ಚಂದ್ರನಿಗೂ ಆಗುತ್ತದೆ ಅಂತ ಸುಮ್ನೆ ಅಂದುಕೊಂಡರೆ ಕೆಟ್ಟಿರಿ.

ಯಾಕೆ ಅಂದರೆ, ಭೂಮಿ ಗಂಟೆಗೆ ಸುಮಾರು 1,07,000 ಕಿ.ಮೀ. ಓಡುತ್ತದೆ. ಚಂದ್ರ ಇರುವುದು ಸರಾಸರಿ 3,84,400 ಕಿ.ಮೀ. ದೂರದಲ್ಲಿ. ಭಾಗಿಸಿ ನೋಡಿ, ಮೂರೂವರೆ ಗಂಟೆ ಚಿಲ್ಲರೆ. ಶುಕ್ಲಪಕ್ಷದ ಅಷ್ಟಮಿಯ ಹೊತ್ತಿಗೆ ಚಂದ್ರ ಭೂಮಿಯ ದಾರಿಯಲ್ಲಿ ಹಿಂದೆ ಇರುತ್ತಾನೆ, ಪಟ್ಟಿಗೆ ತಡವಾಗಿ ತಲುಪುತ್ತಾನೆ. ಕೃಷ್ಣಪಕ್ಷದ ಅಷ್ಟಮಿಗೆ ಮುಂದೆ, ಅಂದರೆ ಬೇಗ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಪಕ್ಕಕ್ಕೆ. ಆಗ ಸಮಯಕ್ಕಿಂತ ಹೆಚ್ಚಾಗಿ, ಪಟ್ಟಿಯ ಎಷ್ಟು ಒಳಗೆ ಹೊಕ್ಕು ಹೋಗುತ್ತಾನೆ ಅನ್ನುವುದೇ ಬದಲಾಗುತ್ತದೆ. ಪಟ್ಟಿ ಓರೆಯಾಗಿರುವುದರಿಂದ ಇದು ಒರಟು ಲೆಕ್ಕ ಅಷ್ಟೇ. ಆದರೂ ಹೊಸ, ತೆಳು ಪಟ್ಟಿಗಳ ಅಬ್ಬರ ಒಂದೆರಡು ಗಂಟೆಯಲ್ಲಿ ಮುಗಿದುಹೋಗುವಾಗ ಮೂರು ಗಂಟೆ ಅಂದರೆ ಸಣ್ಣದಲ್ಲ. ಭೂಮಿಗೆ ತಪ್ಪಿದ್ದು ಚಂದ್ರನಿಗೆ ಸಿಗಬಹುದು, ಉಲ್ಟಾನೂ ಆಗಬಹುದು.

ಮತ್ತೆ ಅದೇ 1999 ನೋಡಿ. ಶುಕ್ಲಪಕ್ಷದ ಅಷ್ಟಮಿ ಕಳೆದು ಎರಡು ದಿನ ಆಗಿತ್ತು, ಅಂದರೆ ಚಂದ್ರ ಹಿಂದಿದ್ದ. ಭೂಮಿಯಲ್ಲಿ ಜೋರು ಎರಡು ಗಂಟೆಗೆ. ಅಮೆರಿಕದಲ್ಲಿ ಬ್ರಯಾನ್ ಕಡ್ನಿಕ್ ಕಣ್ಣಾರೆ ಕಂಡ, ಡೇವಿಡ್ ಡನ್‌ಹ್ಯಾಮ್ ತಂಡದವರ ವಿಡಿಯೊದಲ್ಲಿ ಸಿಕ್ಕ ಚಂದ್ರನ ಮಿಂಚುಗಳು ಮುಕ್ಕಾಲು ಪಾಲು ಯುಟಿ ನಾಲ್ಕು, ಐದು ಗಂಟೆ ಸುಮಾರಿಗೆ. ಚಂದ್ರನ ಮೇಲಿನ ಉಲ್ಕೆಯ ಮಿಂಚು ಖಚಿತವಾಗಿ ಸಿಕ್ಕಿದ್ದು ಅದೇ ಮೊದಲು.

ಹಾಗಾದರೆ ಕ್ಯಾಲೆಂಡರ್ ಹೇಗೆ ಬಳಸುವುದು? ಜೆಮಿನಿಡ್ಸ್, ಪರ್ಸೀಡ್ಸ್ ತರಹ ಹಳೇ, ಅಗಲವಾದ ದೂಳಿನ ಹೊಳೆಗಳಿಗೆ ಇದ್ದದ್ದು ಇದ್ದ ಹಾಗೇ ನಂಬಬಹುದು. ಮೂರು ಗಂಟೆ ಆಚೀಚೆ ಆದರೆ ಏನೂ ಕಳೆದುಕೊಳ್ಳುವುದಿಲ್ಲ. ನಮ್ಮ ಕಡೆ ಪರ್ಸೀಡ್ಸ್ ಆಗಸ್ಟಿನ ಮೋಡಕ್ಕೇ ಮೀಸಲು, ಡಿಸೆಂಬರಿನ ಜೆಮಿನಿಡ್ಸ್ ವಾಸಿ. ತೆಳು ಪಟ್ಟಿ ಅಂತ ಬರೆದಿದ್ದರೆ ಮೇಲಿನ ಲೆಕ್ಕ ಹಾಕಿ, ಆ ಹೊತ್ತಿಗೆ ಮುಂಚೆ, ನಂತರ ಎರಡೂ ಕಡೆ ಸಾಕಷ್ಟು ಬಿಟ್ಟು ರೆಕಾರ್ಡ್ ಮಾಡಿ.

ಇನ್ನೊಂದು, ಉಲ್ಕೆಗಳು ನಮಗೆ ಕಾಣುವ ಕತ್ತಲ ಭಾಗಕ್ಕೆ ಬಡಿಯಬೇಕಲ್ವಾ? ಅದಕ್ಕೆ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರ್ ತೆಗೆದು ನಿಮ್ಮ ಜಾಗವನ್ನು ಚಂದ್ರನಿಗೆ ಬದಲಾಯಿಸಿ, ನಮ್ಮ ಕಡೆಯ ಕತ್ತಲಿನಲ್ಲಿ ಒಂದು ಬಿಂದು ಆರಿಸಿ. ಉಲ್ಕೆ ಹೊರಡುವ ಜಾಗ ಅಲ್ಲಿಂದ ದಿಗಂತದ ಮೇಲಿದೆಯಾ ಅಂತ ನೋಡಿ. ಇಲ್ಲದಿದ್ದರೆ ಆ ರಾತ್ರಿ ನಿದ್ದೆ ಮಾಡಿ.

ಈ ತಲೆನೋವು ಬೇಡ ಅನ್ನುವವರಿಗೆ ನಾಸಾದ ಮೀಟಿಯೊರಾಯ್ಡ್ ಎನ್ವಿರಾನ್‌ಮೆಂಟ್ ಆಫೀಸ್ ಚಂದ್ರನ ಮೇಲ್ಮೈಗೆಂದೇ ಮಾಡಿದ ಮುನ್ಸೂಚನೆಗಳಿವೆ. ಅದು ನೌಕೆ ಕಟ್ಟುವ ಎಂಜಿನಿಯರುಗಳಿಗೆ ಬರೆದದ್ದು, ಓದೋಕೆ ಸಪ್ಪೆ. ಸಮಯ ಮಾತ್ರ ಅಲ್ಲಿಂದ ತೆಗೆದುಕೊಳ್ಳಿ, ವಿವರಣೆಗೆ ಐಎಂಒ ಓದಿ.

ಯಾವ ಕ್ಯಾಲೆಂಡರನ್ನೂ ಕಣ್ಣುಮುಚ್ಚಿ ನಂಬಬೇಡಿ. 2021ರ ಆಗಸ್ಟ್ 14ಕ್ಕೆ ಪರ್ಸೀಡ್ಸ್ ಯಾರೂ ನಿರೀಕ್ಷಿಸದೆ ಉಕ್ಕಿತು. 2013ರ ಮಾರ್ಚ್ 17ರಂದು ಚಂದ್ರನ ಮೇಲೆ ಸುಮಾರು 40 ಕೆಜಿಯ ಕಲ್ಲು ಬಿದ್ದು 18 ಮೀಟರ್ ಗುಂಡಿ ಮಾಡಿದಾಗ ದೊಡ್ಡ ಉಲ್ಕಾಪಾತ ಯಾವುದೂ ಇರಲಿಲ್ಲ. ಬಿದಿಗೆಯಿಂದ ಅಷ್ಟಮಿವರೆಗಿನ ಯಾವ ಸಂಜೆಯಾದರೂ ಪ್ರಯತ್ನಿಸಬಹುದು. ಸಾಧ್ಯವಾದರೆ ಬೇರೆ ಊರಿನ ಗೆಳೆಯರನ್ನೂ ಅದೇ ಹೊತ್ತಿಗೆ ರೆಕಾರ್ಡ್ ಮಾಡಲು ಹೇಳಿ. ಒಂದೇ ಕ್ಯಾಮೆರಾದಲ್ಲಿ ಒಂದೇ ಫ್ರೇಮಿನ ಚುಕ್ಕೆ ಬಂದರೆ ಅದು ಬಾಹ್ಯಾಕಾಶದಿಂದ ಬಂದು ಕ್ಯಾಮೆರಾಕ್ಕೆ ಬಡಿದ ಕಾಸ್ಮಿಕ್ ಕಿರಣವೋ, ಉಪಗ್ರಹದ ಹೊಳಪೋ, ನಿಜವಾದ ಹೊಡೆತವೋ ಅಂತ ಸಾಬೀತು ಮಾಡೋಕೆ ಆಗಲ್ಲ.

ಕಾಸಿಲ್ಲದ ವಸ್ತುವಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಪ್ರತಿ ತೆಳು ಪಟ್ಟಿಯ ಪಕ್ಕ ಚಂದ್ರನ ಸಮಯವನ್ನೂ ಒಂದು ಸಾಲು ಸೇರಿಸಿದರೆ ಉಳಿದ ಒಂದನ್ನೂ ಕೊಡಬಹುದು.