ಪ್ರಾಕ್ಸ್‌ಮಾಕ್ಸ್ 8ರಿಂದ 9ಕ್ಕೆ ಏರಿಸುವ ಮುನ್ನ ಹಳೇ ಕಂಟೇನರ್‌ಗಳನ್ನು ನೋಡಿಕೊಳ್ಳಿ

ಪುಣೆಯ ಭೋಸರಿ ಎಂಐಡಿಸಿಯ ಒಂದು ಮಷೀನ್ ಶಾಪಿನಲ್ಲಿ ಒಂಟಿ ಸರ್ವರನ್ನು, ಒಂದೇ ಯಂತ್ರದಲ್ಲಿ ಹಲವು ಸರ್ವರ್ ಓಡಿಸುವ ತಂತ್ರಾಂಶವಾದ ಪ್ರಾಕ್ಸ್‌ಮಾಕ್ಸ್‌ನ 8.4ರಿಂದ 9ಕ್ಕೆ ಏರಿಸಿದರು. ಲೆಕ್ಕಪತ್ರದ ಡೇಟಾಬೇಸ್ ಇದ್ದ ಕಂಟೇನರ್ (ಸರ್ವರಿನೊಳಗೆ ಪ್ರತ್ಯೇಕವಾಗಿ ಓಡುವ ಪುಟ್ಟ ಲಿನಕ್ಸ್) ಮತ್ತೆ ಏಳಲಿಲ್ಲ. ಬ್ಯಾಕಪ್ ಇತ್ತು. ಬಿಚ್ಚಿ ನೋಡಿದರೆ ಅದರಲ್ಲಿ ಡೇಟಾಬೇಸೇ ಇರಲಿಲ್ಲ. ಗುರುವಾರ ಬೆಳಿಗ್ಗೆ ಹಿಡಿದ ಕೆಲಸ ಶನಿವಾರ ಸಂಜೆಗೆ ಮುಗಿಯಿತು. ಅಲ್ಲಿಯವರೆಗೆ ಬಿಲ್ಲು, ಚಲನ್ ಎಲ್ಲವೂ ಕೈಬರಹದಲ್ಲಿ. ಪುಣೆ, ಮುಂಬೈಗಳಲ್ಲಿ ಇಂಥ ಸಣ್ಣ ಕಾರ್ಖಾನೆ, ಕ್ಲಿನಿಕ್, ಸಂಘಸಂಸ್ಥೆಗಳ ಸರ್ವರ್ ನೋಡಿಕೊಳ್ಳುವ ಕನ್ನಡಿಗರು ಬಹಳ ಮಂದಿ ಇದ್ದಾರೆ. 8ನೇ ಆವೃತ್ತಿಗೆ ಬೆಂಬಲ 2026ರ ಆಗಸ್ಟ್‌ವರೆಗೆ ಮಾತ್ರ ಎಂದಿರುವುದರಿಂದ ಎಲ್ಲರೂ ಈ ದಾರಿ ದಾಟಲೇಬೇಕು. ಅದಕ್ಕೇ ಆದದ್ದನ್ನು ಬಿಡಿಸಿ ಹೇಳುತ್ತೇವೆ.

ವರ್ಚುಯಲ್ ಮಷೀನಿಗೆ ತನ್ನದೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಇರುತ್ತದೆ, ಕಂಟೇನರಿಗೆ ಇರುವುದಿಲ್ಲ. ಅದು ಓಡುವುದು ಹೋಸ್ಟಿನ, ಅಂದರೆ ಅದನ್ನು ಹೊತ್ತ ಸರ್ವರಿನ, ಕರ್ನಲ್ ಮೇಲೆ. ಹೋಸ್ಟ್ ಬದಲಾದರೆ ಒಳಗಿನ ಹಳೇ ಲಿನಕ್ಸಿನ ಕಾಲಡಿಯ ನೆಲವೇ ಬದಲಾದ ಹಾಗೆ. ಆ ಕಂಟೇನರಿನಲ್ಲಿದ್ದದ್ದು ಸೆಂಟ್‌ಓಎಸ್ 7. ಅದರ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸುವ ತಂತ್ರಾಂಶ) 219ನೇ ಆವೃತ್ತಿ, ಉಬುಂಟು 16.04ರದ್ದು 229. ಸಿಗ್ರೂಪ್ (ಕರ್ನಲ್ ಸಂಪನ್ಮೂಲ ಹಂಚುವ ವ್ಯವಸ್ಥೆ) ವಿ2 ಮಾತ್ರ ಇರುವ ಕಡೆ ಏಳಲು ಕನಿಷ್ಠ 231 ಬೇಕು. ಪ್ರಾಕ್ಸ್‌ಮಾಕ್ಸ್‌ನ 7 ಮತ್ತು 8ನೇ ಆವೃತ್ತಿಗಳಲ್ಲಿ ಕರ್ನಲ್ ಕಮಾಂಡ್‌ಲೈನಿಗೆ (ಬೂಟ್ ಆಗುವಾಗ ಕರ್ನಲ್ಲಿಗೆ ಕೊಡುವ ಸೂಚನೆಗೆ) 'ಸಿಸ್ಟಮ್‌ಡಿ.ಯುನಿಫೈಡ್_ಸಿಗ್ರೂಪ್_ಹೈರಾರ್ಕಿ=0' ಎಂದು ಸೇರಿಸಿದರೆ ಹಳೇ ಸಿಗ್ರೂಪ್ ವಿ1 ಸಿಗುತ್ತಿತ್ತು. ಈ ಸರ್ವರಿನಲ್ಲೂ ಯಾರೋ ಅದನ್ನು ಸೇರಿಸಿ ಮರೆತಿದ್ದರು. ಡೆಬಿಯನ್ 13ರ ಮೇಲೆ ನಿಂತಿರುವ 9ರಲ್ಲಿ ಆ ದಾರಿ ಪೂರ್ತಿ ಮುಚ್ಚಿದೆ. ನಿಮ್ಮ ಸರ್ವರಿನ '/ಪ್ರಾಕ್/ಸಿಎಂಡಿಲೈನ್' ತೆರೆದು ನೋಡಿ. ಆ ಸಾಲು ಕಂಡರೆ ಅದರ ಮೇಲೆ ಆತುಕೊಂಡಿರುವ ಕಂಟೇನರ್ ಒಳಗೆಲ್ಲೋ ಇದೆ ಎಂದೇ ತಿಳಿಯಿರಿ.

ತಪಾಸಣೆ ಮಾಡದೆ ಏರಿಸಿದ್ದೇನೂ ಅಲ್ಲ. ಪ್ರಾಕ್ಸ್‌ಮಾಕ್ಸ್‌ನದೇ ತಪಾಸಣೆ ಸ್ಕ್ರಿಪ್ಟು 'ಪಿವಿಇ8ಟು9' ಓಡಿಸಿದ್ದರು, ಫೇಲ್ಯೂರ್ ಸೊನ್ನೆ ಎಂದೇ ಬಂದಿತ್ತು. ಆದರೆ ಬರಿದೇ ಓಡಿಸಿದರೆ ಆ ಸ್ಕ್ರಿಪ್ಟು ಕಂಟೇನರ್‌ಗಳ ಸಿಗ್ರೂಪ್ ತಪಾಸಣೆ ಮಾಡುವುದೇ ಇಲ್ಲ. ಅದು ಸಮಯ ತಿನ್ನುವ ಕೆಲಸ, ಬಿಟ್ಟಿದ್ದೇನೆ ಎಂದು ಒಂದು 'ಸ್ಕಿಪ್' ಸಾಲು ಹಾಕಿ ಮುಂದೆ ಹೋಗುತ್ತದೆ. 'ಪಿವಿಇ8ಟು9 --ಫುಲ್' ಎಂದೇ ಓಡಿಸಬೇಕು. ಸ್ಕಿಪ್, ವಾರ್ನ್ ಎಂದಿರುವ ಸಾಲುಗಳನ್ನು ಒಂದೊಂದಾಗಿ ಓದಬೇಕು. 9ರಿಂದ 8ಕ್ಕೆ ಇಳಿಯುವ ದಾರಿ ಇಲ್ಲ, ಮತ್ತೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೊಂದೇ ಉಳಿಯುತ್ತದೆ.

ಇನ್ನು ಬ್ಯಾಕಪ್ಪಿನ ಮಾತು. ಹೆಚ್ಚು ಜನ ಬೀಳುವ ಹೊಂಡ ಇದೇ. ಕಂಟೇನರಿನ ರೂಟ್ ಡಿಸ್ಕ್ ತಾನಾಗಿಯೇ ಬ್ಯಾಕಪ್ಪಿಗೆ ಸೇರುತ್ತದೆ. ಆಮೇಲೆ ಸೇರಿಸಿದ ಮೌಂಟ್ ಪಾಯಿಂಟು (ಹೆಚ್ಚುವರಿ ಡಿಸ್ಕ್) ಸೇರುವುದಿಲ್ಲ, ಅದಕ್ಕೆ 'ಬ್ಯಾಕಪ್=1' ಎಂದು ನಾವೇ ಕೊಡಬೇಕು. ಹೋಸ್ಟಿನ ಫೋಲ್ಡರನ್ನು ಬೈಂಡ್ ಮೌಂಟ್ ಮಾಡಿದ್ದರೆ (ಹಾಗೆಯೇ ಕಂಟೇನರಿನೊಳಗೆ ಕಾಣುವಂತೆ ಜೋಡಿಸಿದ್ದರೆ) ಏನು ಕೊಟ್ಟರೂ ಸೇರುವುದಿಲ್ಲ. ಇಲ್ಲಿ ಡೇಟಾಬೇಸು 'ಎಂಪಿ0' ಎಂಬ ಮೌಂಟ್ ಪಾಯಿಂಟಿನ ಮೇಲೆ ಇತ್ತು. ದಿನವೂ ರಾತ್ರಿ ಬ್ಯಾಕಪ್ ಲಾಗಿನಲ್ಲಿ 'ಎಕ್ಸ್‌ಕ್ಲೂಡಿಂಗ್ ವಾಲ್ಯೂಮ್ ಮೌಂಟ್ ಪಾಯಿಂಟ್' (ಆ ಮೌಂಟ್ ಪಾಯಿಂಟನ್ನು ಬಿಟ್ಟಿದ್ದೇನೆ) ಎಂದು ಬರುತ್ತಲೇ ಇತ್ತು, ಕೊನೆಗೆ ಹಸಿರು ಓಕೆ ಕೂಡ.

ಅಷ್ಟು ಹೊತ್ತಿಗೆ ಗಾಬರಿಯಲ್ಲಿ ಅದೇ ಕಂಟೇನರ್ ಐಡಿಯ ಮೇಲೆ ರಿಸ್ಟೋರ್ ಒತ್ತುವುದರಲ್ಲಿದ್ದರು. ದಯವಿಟ್ಟು ಎಂದಿಗೂ ಹಾಗೆ ಮಾಡಬೇಡಿ. ಇರುವ ಕಂಟೇನರಿನ ಮೇಲೆಯೇ ರಿಸ್ಟೋರ್ ಮಾಡಿದರೆ, ಬ್ಯಾಕಪ್ಪಿನಲ್ಲಿ ಇಲ್ಲದ ಮೌಂಟ್ ಪಾಯಿಂಟಿನ ಡಿಸ್ಕೂ ಅಳಿಸಿಹೋಗುತ್ತದೆ. ಡೇಟಾ ಉಳಿದಿದ್ದ ಒಂದೇ ಜಾಗ ಅದು.

ಉಳಿಸಿಕೊಂಡದ್ದು ಹೀಗೆ. ಕಂಟೇನರನ್ನು ನಿಲ್ಲಿಸಿ 'ಪಿಸಿಟಿ ಮೌಂಟ್ 104' (104 ಆ ಕಂಟೇನರಿನ ಐಡಿ) ಕೊಟ್ಟರೆ ಅದರ ಕಡತಗಳು '/ವಾರ್/ಲಿಬ್/ಎಲ್‌ಎಕ್ಸ್‌ಸಿ/104/ರೂಟ್‌ಎಫ್‌ಎಸ್' ಅಡಿಯಲ್ಲಿ ಕಾಣುತ್ತವೆ. ಅಲ್ಲಿಂದ ಮೈಎಸ್‌ಕ್ಯುಎಲ್ ಫೋಲ್ಡರನ್ನು, 'ಐಬಿಡೇಟಾ1' ಮತ್ತು ಲಾಗ್ ಕಡತಗಳನ್ನು ಬಿಡದೆ, ಇಡಿಯಾಗಿ ಸೆಂಟ್‌ಓಎಸ್ 7ರ ಒಂದು ವರ್ಚುಯಲ್ ಮಷೀನಿಗೆ ಆರ್‌ಸಿಂಕ್‌ನಿಂದ ನಕಲಿಸಿದರು. ಅಲ್ಲಿಯೂ ಮರಿಯಾಡಿಬಿ (ಮೈಎಸ್‌ಕ್ಯುಎಲ್‌ನ ಕವಲು) ಅದೇ 5.5 ಇರಬೇಕು, ಕಚ್ಚಾ ಕಡತಗಳನ್ನು ನೇರ ಹೊಸ ಆವೃತ್ತಿಗೆ ಕೊಡುವ ಸಾಹಸ ಬೇಡ. ಅನ್‌ಪ್ರಿವಿಲೆಜ್ಡ್ (ಹೋಸ್ಟಿನಲ್ಲಿ ರೂಟ್ ಅಧಿಕಾರವಿಲ್ಲದ) ಕಂಟೇನರಿನಲ್ಲಿ ಯೂಸರ್ ಐಡಿಗೆ 1,00,000 ಕೂಡಿರುತ್ತದೆ. ಹಾಗಾಗಿ ಒಳಗೆ 27 ಆಗಿದ್ದ ಮೈಎಸ್‌ಕ್ಯುಎಲ್ ಐಡಿ ಹೋಸ್ಟಿನಲ್ಲಿ 1,00,027 ಎಂದು ಕಂಡಿತು. ಹೊಸ ಕಡೆ 'ಚೌನ್' (ಕಡತದ ಒಡೆತನ ಬದಲಿಸುವ ಕಮಾಂಡ್) ಮಾಡಿ ಸರಿಪಡಿಸದಿದ್ದರೆ ಡೇಟಾಬೇಸ್ ಏಳುವುದಿಲ್ಲ. ಅದಾದ ಮೇಲೆ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಗಾಗಿ 'ರಿಸ್ಟೋರ್‌ಕಾನ್ -ಆರ್' ಕೂಡ ಕೊಡಬೇಕು. ಮೂರು ದಿನದಲ್ಲಿ ಹೆಚ್ಚಿನ ಹೊತ್ತು ನುಂಗಿದ್ದು ಈ ಎರಡು ಹೆಜ್ಜೆಗಳೇ. ಎಲ್ಲ ಮುಗಿದ ಮೇಲೆ 'ಪಿಸಿಟಿ ಅನ್‌ಮೌಂಟ್' ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಂಟೇನರ್ ಲಾಕ್ ಆಗಿಯೇ ಉಳಿಯುತ್ತದೆ.

ಏರಿಸುವ ಮೊದಲೇ ಕೈಹಾಕಿದ್ದರೆ ಇದು ಅರ್ಧ ದಿನದ ಕೆಲಸ. ಕಂಟೇನರ್ ಇನ್ನೂ ಓಡುತ್ತಿರುವಾಗಲೇ ಆ್ಯಪ್ ನಿಲ್ಲಿಸಿ 'ಮೈಎಸ್‌ಕ್ಯುಎಲ್‌ಡಂಪ್'ನಿಂದ ಡೇಟಾಬೇಸಿನ ನಕಲು ತೆಗೆದು, ಡೆಬಿಯನ್ ಅಥವಾ ಆಲ್ಮಾ ಲಿನಕ್ಸಿನ ಹೊಸ ಕಂಟೇನರಿಗೆ ತುಂಬಿದರೆ ಸಾಕು. ತಂತ್ರಾಂಶ ಸೆಂಟ್‌ಓಎಸ್ 7 ಬಿಟ್ಟು ಬೇರೆಡೆ ಓಡದು ಎಂದಾದರೆ ಅದನ್ನು ವರ್ಚುಯಲ್ ಮಷೀನಿಗೆ ಸಾಗಿಸಿ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿರುವುದರಿಂದ ಯಮ್ ರೆಪೊಗಳನ್ನು (ಪ್ಯಾಕೇಜು ಸಿಗುವ ತಾಣಗಳನ್ನು) ವಾಲ್ಟ್ ಎಂಬ ಹಳೇ ಸಂಗ್ರಹದ ವಿಳಾಸಕ್ಕೆ ತಿರುಗಿಸಿಕೊಳ್ಳಬೇಕು. ಅಂಥ ಮಷೀನನ್ನು ಹೊರಗಿನ ಇಂಟರ್‌ನೆಟ್ಟಿಗೆ ಒಡ್ಡಬೇಡಿ.

ಏರಿಸುವ ದಿನ ವೆಬ್ ಪುಟದ ಶೆಲ್ ಬಳಸಬೇಡಿ, ನಡುವೆ ಆ ಸೇವೆಯೇ ಮರುಚಾಲೂ ಆಗಿ ಸಂಪರ್ಕ ಕಡಿದುಹೋಗುತ್ತದೆ. ಎಸ್‌ಎಸ್‌ಎಚ್ ಒಳಗೆ ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ನೋಡುವ ಸಾಧನ) ಹಾಕಿ, ಸಾಧ್ಯವಾದರೆ ಐಪಿಎಂಐ (ಸರ್ವರಿನ ಪರದೆ, ಕೀಬೋರ್ಡನ್ನು ದೂರದಿಂದ ಕೊಡುವ ಹಾರ್ಡ್‌ವೇರ್ ಸೌಲಭ್ಯ) ಕೂಡ ತೆರೆದಿಟ್ಟುಕೊಳ್ಳಿ. ಹೊಸ ಕರ್ನಲ್ಲಿನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗಿ ಬ್ರಿಡ್ಜ್ (ಕಂಟೇನರ್‌ಗಳನ್ನು ನೆಟ್‌ವರ್ಕಿಗೆ ಜೋಡಿಸುವ ಕೊಂಡಿ) ಮೇಲೇಳದೆ ಇರಬಹುದು, ಆಗ ದೂರದಿಂದ ಒಳಹೊಗಲು ಐಪಿಎಂಐ ಒಂದೇ ಬಾಗಿಲು. ಪ್ಯಾಕೇಜುಗಳಿಗೆ 'ಆಪ್ಟ್ ಡಿಸ್ಟ್-ಅಪ್‌ಗ್ರೇಡ್' ಕೊಡಬೇಕು, ಬರೀ 'ಅಪ್‌ಗ್ರೇಡ್' ಅಲ್ಲ. ಪಿಂಪ್ರಿ-ಚಿಂಚವಾಡ ಕಡೆಯವರಿಗೆ ಇನ್ನೊಂದು ಮಾತು: ಗುರುವಾರ ಕಾರ್ಖಾನೆಗೆ ರಜೆ ಎಂದು ಅದೇ ದಿನ ಇಟ್ಟುಕೊಳ್ಳುತ್ತೀರಿ, ಲೈನ್ ದುರಸ್ತಿಗೆ ಕರೆಂಟ್ ತೆಗೆಯುವುದೂ ಅದೇ ಗುರುವಾರ. ಪ್ಯಾಕೇಜು ಕೂರಿಸುವ ಡಿಪಿಕೆಜಿ ಅರ್ಧದಲ್ಲಿರುವಾಗ ಯುಪಿಎಸ್ ಕೈಕೊಟ್ಟರೆ ಬೂಟ್ ಆಗುವುದೇ ಅನುಮಾನ. ರಾತ್ರಿ ಪಾಳಿ ಇಲ್ಲದ ಕಡೆ ಬುಧವಾರ ಸಂಜೆಯೇ ಶುರುಮಾಡಿ.

ಅದಕ್ಕೂ ಒಂದು ವಾರ ಮುಂಚೆ ಮುಖ್ಯ ಕಂಟೇನರಿನ ಬ್ಯಾಕಪ್ಪನ್ನು 904ರಂಥ ಖಾಲಿ ಐಡಿಗೆ ರಿಸ್ಟೋರ್ ಮಾಡಿ, ಒಳಹೊಕ್ಕು ಡೇಟಾಬೇಸಿನ ಕೊನೆಯ ಬಿಲ್ಲಿನ ತಾರೀಖು ನೋಡಿ. ನೆಟ್‌ವರ್ಕ್ ಕಾರ್ಡನ್ನು ತೆಗೆದ ಮೇಲೆಯೇ ಅದನ್ನು ಚಾಲೂ ಮಾಡಬೇಕು, ಇಲ್ಲದಿದ್ದರೆ ಅಸಲಿ ಕಂಟೇನರಿನ ಐಪಿಯನ್ನೇ ಅದೂ ಹಿಡಿದು ಕೂರುತ್ತದೆ.